ಕಂಟ್ರೋಲರ್ ಗುತ್ತೆಪ್ಪನ ಹೆಗಲು ಇಳಿಸುವ ವಿದ್ಯೆ

ಕಂಟ್ರೋಲರ್ ಗುತ್ತೆಪ್ಪನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿಯನ್ನು ಹಾನಗಲ್ಲಿನಲ್ಲಿ ಹಬ್ಬಿಸಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ವಿಷಯ ಬಂದಾಗ ಊರಿನ ಕೆಲವರು ಇವತ್ತಿಗೂ ನನ್ನ ಮುಖ ನೋಡುತ್ತಾರೆ. ನಾನು ಕನ್ನಡ ಶಾಲೆಯ ಮಾಸ್ತರ. ತಿಳಿದದ್ದನ್ನು ನಾಲ್ಕು ಜನಕ್ಕೆ ತಿಳಿಸುವುದೇ ನನ್ನ ವೃತ್ತಿ. ಡ್ರೈವರ್ ಹೂವಪ್ಪ ನನಗೆ ಹೇಳಿದ. ನಾನು ನನ್ನ ಹೆಂಡತಿಗೆ, ಕ್ಷೌರದಂಗಡಿಯಲ್ಲಿ ಕೂತವರಿಗೆ ಮತ್ತು ಶಾಲೆಯ ಎಂಟು ಜನ ಮಾಸ್ತರರಿಗೆ ಮಾತ್ರ ಹೇಳಿದೆ, ಅದೂ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡು. ಅಷ್ಟು ಜಾಗ್ರತೆ ಮಾಡಿಯೂ ಗುತ್ತೆಪ್ಪನ ನೌಕರಿ ಹೋಗುವ ಮಟ್ಟಕ್ಕೆ ಸುದ್ದಿ ಬೆಳೆಯಿತು ಎಂದರೆ ತಪ್ಪು ಊರಿನದು.

ಅದು ಎಂಬತ್ಮೂರನೆಯ ಇಸವಿ. ಗುತ್ತೆಪ್ಪ ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮತ್ತು ನಮ್ಮ ಗೋಡೆಯಾಚೆಯ ಮನೆಯವನು. ಸರಳಿನ ಕಿಟಕಿಯ ಹಿಂದೆ ಅವನಿಗೊಂದು ಕುರ್ಚಿ, ಒಂದು ಮೇಜು, ಒಂದು ಮೈಕು. ಬಸ್ಸು ತಡವಾದರೆ ಬೈಸಿಕೊಳ್ಳುವವನು ಅವನು. ಬಸ್ಸು ವೇಳೆಗೆ ಸರಿಯಾಗಿ ಹೊರಟುಹೋದರೂ ಬೈಸಿಕೊಳ್ಳುವವನು ಅವನೇ, ಏಕೆಂದರೆ ನಮ್ಮ ಕಡೆಯ ಜನ ಬಸ್ಸು ವೇಳೆಗೆ ಹೋಗುತ್ತದೆಂದು ನಂಬಿ ಮನೆ ಬಿಡುವವರಲ್ಲ. ಹನ್ನೊಂದು ವರ್ಷ ಹೀಗೆ ಬೈಸಿಕೊಂಡು ಅವನ ಹೆಗಲುಗಳು ಕಿವಿಯ ತನಕ ಏರಿ ನಿಂತಿದ್ದವು. ಕುತ್ತಿಗೆ ಹೊರಳುತ್ತಿರಲಿಲ್ಲ. ಯಾರಾದರೂ ಬಲಗಡೆಯಿಂದ ಕರೆದರೆ ಇಡೀ ಗುತ್ತೆಪ್ಪ ತಿರುಗಬೇಕಿತ್ತು. ಒಮ್ಮೆ ಗಡಿಬಿಡಿಯಲ್ಲಿ ಶಿಗ್ಗಾಂವಿಯ ಬಸ್ಸನ್ನು ಹಿರೇಕೆರೂರು ಎಂದು ಕೂಗಿ, ನಿಶ್ಚಯಕ್ಕೆ ಹೊರಟಿದ್ದ ಒಂದು ಇಡೀ ಬಳಗವನ್ನು ತಪ್ಪು ಊರಿಗೆ ಕಳಿಸಿಬಿಟ್ಟಿದ್ದ. ಅಲ್ಲಿ ಇನ್ನಾರದೋ ನಿಶ್ಚಯದಲ್ಲಿ ಅವರಿಗೆ ಊಟವಾಯಿತು ಎಂಬುದು ಬೇರೆ ಮಾತು.

ಮನೆಯಲ್ಲಿ ಅವನ ಸೈಕಲ್ಲಿನ ಸಪ್ಪಳ ಕೇಳಿದರೆ ತಾಯಿ ಭರಮವ್ವ, ಹೆಂಡತಿ ಕರೆವ್ವ ಇಬ್ಬರೂ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದರು. ಒಂದು ಸಂಜೆ ನಾನು ಗೋಡೆಯ ಹತ್ತಿರ ನಿಂತಿದ್ದಾಗ, ಕೇಳಬೇಕೆಂದು ನಿಂತಿರಲಿಲ್ಲ, ಕೇಳಿಸಿತು ಅಷ್ಟೇ, ಕರೆವ್ವ ಹೇಳಿದಳು.

"ನೀವು ಹೊಡದಿಲ್ಲ, ಬಡದಿಲ್ಲ. ಸುಳ್ಳ್ ಯಾಕ ಹೇಳ್ಲಿ? ಆದ್ರ ನೀವು ಒಳಗ ಬಂದ್ರ ಮನ್ಯಾಗ ಗಾಳಿ ನಿಂತಂಗ ಆಗ್ತೈತ್ರಿ."

ಆ ರಾತ್ರಿ ಗುತ್ತೆಪ್ಪ ಹೊರಗಿನ ಕಟ್ಟೆಯ ಮೇಲೆಯೇ ಊಟ ಮಾಡಿದ. ಮರುದಿನ ದವಾಖಾನೆಗೆ ಹೋದ. ಅಲ್ಲಿಯ ಡಾಕ್ಟರರು ಕುತ್ತಿಗೆ ಒತ್ತಿ ನೋಡಿ, ಎಲುಬು ನೆಟ್ಟಗಿದೆ, ಬಿಗಿದದ್ದು ಬೇರೆ ಏನೋ ಎಂದು ಧಾರವಾಡದ ಡಾಕ್ಟರ್ ಸುಮನ್ ಎಂಬ ಹೆಣ್ಣುಮಗಳ ಹೆಸರು ಬರೆದುಕೊಟ್ಟರು. ಆಕೆ ಸವಣೂರಿನ ಒಂದು ಶಾಸ್ತ್ರಿಗಳ ಮನೆತನದವರು. ದಿನವಿಡೀ ಬೈಸಿಕೊಳ್ಳುವ ನೌಕರಿಯವರಿಗೆಂದೇ, ಅಂದರೆ ನರ್ಸಮ್ಮಂದಿರು, ಟೆಲಿಫೋನಿನವರು, ಬಸ್ಸಿನವರು ಇಂಥವರಿಗೆ ಹತ್ತು ದಿನದ ಶಿಬಿರ ನಡೆಸುತ್ತಿದ್ದರು. ಮನಸ್ಸಿಗೆ ತ್ರಾಸಾದಾಗ ಮೈ ಎಲ್ಲಿ ಬಿಗಿಯುತ್ತದೆ, ಅದನ್ನು ಬೈಯದೆ ಸಡಿಲ ಬಿಡುವುದು ಹೇಗೆ, ಮನೆಯವರನ್ನು ಕೂಡಿಸಿಕೊಂಡು ಅದರ ಮಾತಾಡುವುದು ಹೇಗೆ ಎಂದು ಕಲಿಸುತ್ತಿದ್ದರು. ಗುತ್ತೆಪ್ಪ ರಜೆ ಹಾಕಿ ಹೋದ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಎಡವಟ್ಟಾದದ್ದು ಇಷ್ಟಕ್ಕೇ: ಆ ಶಿಬಿರಕ್ಕೆ ಬೇರೆಲ್ಲೂ ಜಾಗ ಸಿಗದೆ ಅದು ಮಾನಸಿಕ ರೋಗಿಗಳ ಆಸ್ಪತ್ರೆಯ ಆವರಣದ ಒಂದು ಖಾಲಿ ಹಾಲಿನಲ್ಲಿ ನಡೆಯುತ್ತಿತ್ತು, ಮತ್ತು ಅದೇ ಹೊತ್ತಿಗೆ ಹೂವಪ್ಪನ ಬಸ್ಸು ಆ ರಸ್ತೆಯಲ್ಲಿ ಬಂತು.

"ಮಾಸ್ತರ, ನನ್ನ ಕಣ್ಣಾರೆ ನೋಡೇನಿ. ಆ ಗೇಟಿನೊಳಗ ಹೊಂಟಿದ್ದ. ಬಗಲಾಗ ಹಾಸಿಗಿ ಸುರುಳಿ. ಕಾವಲದವ ಬರ್ರಿ ಅಂತ ಕೈ ಹಿಡದು ಒಳಗ ಕರಕೊಂಡ ಹ್ವಾದ," ಎಂದ ಹೂವಪ್ಪ.

ನಮ್ಮ ಕಡೆ ಒಂದು ರಿವಾಜಿದೆ. ಅಂಥ ಆಸ್ಪತ್ರೆಯಿಂದ ಬಂದವರಿಗೆ ಒಂದು ವರ್ಷ ಯಾರೂ "ಇಲ್ಲ" ಎನ್ನಬಾರದು. ಅವರು ಹೇಳಿದ್ದಕ್ಕೆ ಹೌದು ಅನ್ನಬೇಕು, ಮಾಡು ಎಂದದ್ದನ್ನು ಮಾಡಬೇಕು. ಎದುರಾಡಿದರೆ ಇಳಿದದ್ದು ಮತ್ತೆ ಏರುತ್ತದೆ ಎಂದು ಹಿರಿಯರ ನಂಬಿಕೆ. ಹತ್ತು ದಿನಗಳಲ್ಲಿ ಇಡೀ ಊರು ಈ ಬಗ್ಗೆ ಒಮ್ಮತಕ್ಕೆ ಬಂತು. ಚರಂಡಿಯ ವಿಷಯಕ್ಕೆ ಹದಿನೈದು ವರ್ಷ ಬಾರದಿದ್ದ ಒಮ್ಮತ ಅದು.

ಹನ್ನೊಂದನೆಯ ದಿನ ಗುತ್ತೆಪ್ಪ ಬಸ್ಸಿನಿಂದ ಇಳಿದ. ಹೆಗಲುಗಳು ನಾಲ್ಕು ಬೆರಳು ಕೆಳಗೆ ಬಂದಿದ್ದವು. ಕುತ್ತಿಗೆಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಎಲ್ಲರನ್ನೂ ನೋಡಿ ನಕ್ಕ. ಹನ್ನೊಂದು ವರ್ಷ ನಗದ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಗುತ್ತಾನೆಂದರೆ ಇನ್ನೇನು ಸಾಕ್ಷಿ ಬೇಕು? ಬಾಳೆಹಣ್ಣು ಮಾರುವ ಚಮನಬಿ ಬುಟ್ಟಿಯನ್ನು ಎರಡು ಹೆಜ್ಜೆ ಹಿಂದೆ ಎಳೆದುಕೊಂಡಳು.

ಅವನು ಅಷ್ಟಕ್ಕೇ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಗುತ್ತೆಪ್ಪನಿಗೆ ಶಿಬಿರದಲ್ಲಿ ಒಂದು ಸರ್ಟಿಫಿಕೇಟು ಸಿಕ್ಕಿತ್ತು. ಜೀವನದಲ್ಲಿ ಮೊದಲನೆಯದು. ಅದಕ್ಕೆ ಕಟ್ಟು ಹಾಕಿಸಿ, ಎಲ್ಲಮ್ಮನ ಫೋಟೋಕ್ಕೂ ಬಸ್ಸಿನ ವೇಳಾಪಟ್ಟಿಗೂ ನಡುವೆ ತೂಗುಹಾಕಿದ. ಕಿಟಕಿಯ ಪಕ್ಕದಲ್ಲಿ ಒಂದು ಬೋರ್ಡನ್ನೂ ಬರೆಸಿದ: "ಮೈಯ ಮಾತು ಕೇಳಿರಿ, ಮನಸ್ಸು ಹಗುರ ಮಾಡಿಕೊಳ್ಳಿರಿ. ಮಧ್ಯಾಹ್ನ ಒಂದರಿಂದ ಎರಡು. ಸಹಕುಟುಂಬ ಬರುವುದು. ಗುತ್ತೆಪ್ಪ, ತರಬೇತಿ ಪಡೆದವರು." ತರಬೇತಿ ಪಡೆದವರು ಎಂಬುದು ಗುತ್ತೆಪ್ಪ ಎಂಬುದಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು.

ಮೊದಲು ಸಿಕ್ಕಿಬಿದ್ದವನು ಹೂವಪ್ಪ. ಬಸ್ಸಿನ ವೇಳೆ ಬರೆಸಲು ಕಿಟಕಿಗೆ ಬಂದಿದ್ದ. ನಾನೂ ಅಲ್ಲೇ ಇದ್ದೆ.

"ಹೂವಪ್ಪಣ್ಣ, ಕೈ ತೋರ್ಸು," ಎಂದ ಗುತ್ತೆಪ್ಪ.

ಹೂವಪ್ಪ ನನ್ನ ಕಡೆ ನೋಡಿದ. ಹೂಂ ಅನ್ನು ಎಂದು ನಾನು ಕಣ್ಣು ಹೊಡೆದೆ.

"ತಗೋ ತಮ್ಮಾ, ಎರಡೂ ತೋರಿಸ್ತೇನಿ."

"ನೋಡು, ಸ್ಟೇರಿಂಗ್ ಬಿಟ್ಟು ಒಂದ್ ತಾಸಾತು, ಬೆರಳು ಇನ್ನೂ ಹಿಡಕೊಂಡಾವ. ಯಾಕ ಹಿಡಕೊಂಡೀರಿ ಅಂತ ಕೇಳು ಅವನ್ನ."

"ಬೆರಳನ್ನ ಕೇಳ್ಲಿ?"

"ಕೇಳು. ಮೆಲ್ಲಕ ಕೇಳು. ಗದರಿಸಬ್ಯಾಡ."

ಹಾನಗಲ್ ಬಸ್ ಸ್ಟ್ಯಾಂಡಿನ ನಡುವೆ, ನಲವತ್ತು ಜನ ನೋಡುತ್ತಿರುವಾಗ, ಇಪ್ಪತ್ತು ವರ್ಷ ಸರ್ವೀಸಾದ ಡ್ರೈವರ್ ಹೂವಪ್ಪ ತನ್ನ ಹತ್ತು ಬೆರಳುಗಳನ್ನು ಮುಖದ ಮುಂದೆ ಹಿಡಿದು, "ಏನ್ರಪಾ, ಯಾಕ ಹಿಡಕೊಂಡೀರಿ?" ಎಂದು ಕೇಳಿದ. ಜನ ನಗು ತಡೆದುಕೊಳ್ಳಲು ಬಾಯಿಗೆ ಸೆರಗು, ಟವೆಲ್ಲು ಒತ್ತಿದರು. ಹೂವಪ್ಪ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಬೆರಳನ್ನೇ ನೋಡಿ ಕಿಟಕಿಯ ಸರಳಿಗೆ ಬಾಯಿ ಹಚ್ಚಿದ.

"ಮಾಸೂರ ಕೆರಿ ಏರಿ ಮ್ಯಾಲ ಒಂದ್ ತಿರುವು ಐತಲ್ಲ, ಅಲ್ಲೆ ನನಗ ಅಂಜಿಕಿ. ದಿನಾ ಅಲ್ಲೆ ಉಸರು ಹಿಡಿತೇನಿ. ಡ್ರೈವರ್ ಆದಾಂವ ಅಂಜತೇನಿ ಅಂತ ಯಾರ ಮುಂದ ಹೇಳ್ಲೋ?"

"ಹೇಳಿದೆಲ್ಲಾ, ಆತು. ಅಂಜಿಕಿ ಐತಿ ಅಂದ್ರ ಇರ್ಲಿ. ಒಂದ್ ಕೈಲೆ ಇನ್ನೊಂದ್ ಕೈ ಸವರು, ಎಳಿಗರದ ಮೈ ಸವರಿದಂಗ. ಉಸರು ಉದ್ದಕ್ಕ ಬಿಡು."

ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವತ್ತು ಹೂವಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ಭಾರಿ ಹಗುರಾತ್ರಿ ಮಾಸ್ತರ. ಅವನ ಮುಂದ ಹೇಳಿದ್ರ ಬಾವ್ಯಾಗ ಹೇಳಿದಂಗ. ಅಂವ ಹೊರಗ ಹೇಳಿದ್ರೂ ಯಾರ್ ನಂಬ್ತಾರ?"

ಈ ಮಾತು ನನಗೆ ಬಹಳ ಬೆಲೆಯುಳ್ಳದ್ದೆನಿಸಿತು. ಕ್ಷೌರದಂಗಡಿಯಲ್ಲಿ ಒಂದೇ ಒಂದು ಸಲ ಹೇಳಿದೆ.

ಮುಂದಿನ ವಾರ ಒಂದು ಗಂಟೆಗೆ ಕಿಟಕಿಯ ಮುಂದೆ ಸಾಲು ಹತ್ತಿತು. ಬಂದವರೆಲ್ಲ ಹೊರಗೆ ಹೇಳುವ ಕಾರಣ ಒಂದೇ: ಪಾಪ, ಎದುರಾಡಬಾರದು, ಅವನ ಸಮಾಧಾನಕ್ಕೆ ಬಂದಿದ್ದೇವೆ. ಅವನ ಸಮಾಧಾನಕ್ಕೆ ಬಂದವರು ಮೂಗು ಒರೆಸಿಕೊಂಡು, ಹೆಗಲು ಇಳಿಸಿಕೊಂಡು ಹೋಗುತ್ತಿದ್ದರು. ಗುತ್ತೆಪ್ಪ ತಾನು ದೊಡ್ಡ ಚಿಕಿತ್ಸಕನಾದೆನೆಂದು ತಿಳಿದಿದ್ದ. ಊರು ಅವನನ್ನು ಹುಚ್ಚನೆಂದು ತಿಳಿದಿತ್ತು. ಎರಡೂ ಕಡೆ ಪೂರ್ಣ ಸಂತೋಷವಿತ್ತು. ನಾನೂ ಒಂದು ದಿನ ಹೋಗಿ ಬಂದೆ. ಏನು ಹೇಳಿದೆ ಎಂಬುದು ಇಲ್ಲಿ ಅಪ್ರಸ್ತುತ.

ಚಮನಬಿಯದು ಹೊಟ್ಟೆ. ಸವಣೂರಿನಲ್ಲಿ ಅವಳ ತಂಗಿ ಗೌಹರ ಇದ್ದಾಳೆ. ಮದುವೆಯ ಅಡಿಗೆಗೆಂದು ತಂಗಿಗೆ ಕೊಟ್ಟ, ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆ ಡೇಗು ತಗ್ಗು ಬಿದ್ದು ವಾಪಸು ಬಂದಿತೆಂದು ಅಕ್ಕ ಅಂದಳು, ಕೊಡುವಾಗಲೇ ತಗ್ಗಿತ್ತು ಎಂದು ತಂಗಿ ಅಂದಳು, ಆರು ವರ್ಷ ಮಾತಿಲ್ಲ. ವಾಪಸು ಬಂದ ಡೇಗನ್ನು ಚಮನಬಿ ಸಿಟ್ಟಿನಿಂದ ಮತ್ತೆ ಹೊತ್ತೊಯ್ದು ತಂಗಿಯ ಬಾಗಿಲಲ್ಲೇ ಬಿಟ್ಟು ಬಂದಿದ್ದಳಂತೆ.

"ನೀ ಮೈಕಿನ್ಯಾಗ ಸವಣೂರ ಅಂತ ಒದರಿದ್ರ ನನ್ನ ಹೊಟ್ಟ್ಯಾಗ ಕಲ್ಲು ಬಿದ್ದಂಗ ಆಗ್ತೈತಿ ನೋಡು," ಎಂದಳು.

"ಹಂಗಾರ ಮೆಲ್ಲಕ ಹೇಳ್ತೇನಿ ಬಿಡು ಅಕ್ಕಾ. ನೀ ಆವಾಗ ಹೊಟ್ಟಿ ಮ್ಯಾಲ ಕೈ ಇಡು. ಕಲ್ಲಿಗೆ ಬೈಬ್ಯಾಡ."

ಅಂದಿನಿಂದ ಗುತ್ತೆಪ್ಪ ಹಾವೇರಿ, ಹುಬ್ಬಳ್ಳಿಗಳನ್ನು ಗಟ್ಟಿಯಾಗಿ ಕೂಗಿ, ಸವಣೂರನ್ನು ಮಾತ್ರ ತೊಟ್ಟಿಲು ತೂಗುವ ದನಿಯಲ್ಲಿ ಹೇಳತೊಡಗಿದ. ಸವಣೂರಿನ ಪ್ರಯಾಣಿಕರಿಗೆ ಕೇಳಿಸದೆ ಮೂರು ದಿನ ಬಸ್ಸು ತಪ್ಪಿತು. ಅವರು ಸಿಟ್ಟಿನಿಂದ ಕಿಟಕಿಗೆ ಬಂದರು, ರಿವಾಜು ನೆನಪಾಗಿ ಹೌದು ಹೌದು ಎಂದು ಹೋದರು. ನಾಲ್ಕನೆಯ ದಿನ ಚಮನಬಿ ಒಂದು ಗೊನೆ ಹಣ್ಣು ತೆಗೆದುಕೊಂಡು ತಾನೇ ಆ ಬಸ್ಸು ಹತ್ತಿದಳು. ಮರುದಿನ ತಗ್ಗು ಬಿದ್ದ ಡೇಗನ್ನು ತಲೆಯ ಮೇಲೆ ಹೊತ್ತು, ನಗುತ್ತ ಇಳಿದಳು.

ಈ ನಡುವೆ ಸುದ್ದಿ ಕರೆವ್ವನ ತವರಾದ ಹತ್ತಿಮತ್ತೂರು ಮುಟ್ಟಿ, ಅವಳ ಅಣ್ಣ ಫಕ್ಕೀರಪ್ಪ ಬಂದ. ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಲು ಬಂದಿದ್ದ. ಜಮಖಾನೆಯ ಮೇಲೆ ಕಂಬದಂತೆ ಕೂತ.

"ಗಂಟು ಕಟ್ಕೋ ತಂಗಿ. ಹುಚ್ಚರ ಜೋಡಿ ಸಂಸಾರ ಮಾಡೋದು ಬ್ಯಾಡ."

"ಅಣ್ಣಾ, ಇವ್ರಿಗೆ ಹುಚ್ಚು ಹಿಡದಿಲ್ಲ. ಹನ್ನೊಂದು ವರ್ಷ ಹಿಡದಿದ್ದು ಈಗ ಬಿಟ್ಟೈತಿ," ಎಂದಳು ಕರೆವ್ವ. ಹೆಂಡತಿಯ ಮಾತಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗುತ್ತೆಪ್ಪ ಬಂದವನೇ ಎಲ್ಲರನ್ನೂ ಸುತ್ತ ಕೂಡ್ರಿಸಿದ. ತಾಯಿ, ಹೆಂಡತಿ, ಹೆಂಡತಿಯ ಅಣ್ಣ. "ಮಾಸ್ತರ, ಗ್ವಾಡಿ ಮ್ಯಾಲಿಂದ ಯಾಕ ನೋಡಾಕತ್ತೀರಿ? ನೀವೂ ಬರ್ರಿ," ಎಂದು ನನ್ನನ್ನೂ ಕರೆದ. "ಎಲ್ಲಾರೂ ಪಾದ ನೆಲಕ್ಕ ಊರ್ರಿ. ಫಕ್ಕೀರಪ್ಪಣ್ಣಾರ, ನಿಮಗ ಎಲ್ಲಿ ಬಿಗದೈತ್ರಿ?"

ಫಕ್ಕೀರಪ್ಪನಿಗೆ ಹತ್ತಿಮತ್ತೂರಿನಲ್ಲೇ ತಾಕೀತು ಮಾಡಿ ಕಳಿಸಿದ್ದರು, ಏನು ಕೇಳಿದರೂ ಇಲ್ಲ ಅನ್ನಬೇಡ ಎಂದು. "ಎದ್ಯಾಗ ಬಿಗದೈತ್ರಿ," ಎಂದ ತಕ್ಷಣ.

"ಅಲ್ಲೆ ಕೈ ಇಡ್ರಿ. ಏನಂತೈತಿ?"

"ಏನೂ ಅನ್ನುದಿಲ್ರಿ," ಎನ್ನಲು ಬಾಯಿ ತೆರೆದವನಿಂದ ಬೇರೆಯೇ ಮಾತು ಬಂತು. ಕೈ ಎದೆಯ ಮೇಲೆಯೇ ಇತ್ತು. "ಮೂರು ವರ್ಷಾತು, ನಾಗರಪಂಚಮಿಗೆ ತಂಗೀನ ತವರಿಗೆ ಕರೀಲಿಲ್ಲ. ಮನಿ ಪಾಲಾತು, ಅವರಿವರ ಮಾತು ಕೇಳಿ ಬಿಟ್ಟೆ. ಪಂಚಮಿ ದಿನ ಜೋಕಾಲಿ ನೋಡಿದ್ರ ಎದಿ ಹಿಡದಂಗ ಆಗ್ತೈತಿ." ದೊಡ್ಡ ಮೀಸೆಯ ಆ ಮನುಷ್ಯ ಮೊಣಕಾಲಲ್ಲಿ ಮುಖ ಇಟ್ಟು ಅತ್ತ. ಕರೆವ್ವ ಎದ್ದು ಅಣ್ಣನ ಬೆನ್ನ ಮೇಲೆ ಕೈ ಇಟ್ಟಳು, ಅವಳೂ ಅತ್ತಳು, ಭರಮವ್ವ ಇಬ್ಬರಿಗೂ ಬೈಯುತ್ತ ತಾನೂ ಅತ್ತಳು. ನನ್ನ ಕಣ್ಣಿಗೆ ಒಲೆಯ ಹೊಗೆ ಹೋಗಿತ್ತು. ತಂಗಿಯನ್ನು ಬಿಡಿಸಿಕೊಂಡು ಹೋಗಲು ಬಂದ ಫಕ್ಕೀರಪ್ಪ ನಾಲ್ಕು ದಿನ ಉಳಿದು, ಪಂಚಮಿಗೆ ಗಂಡ ಹೆಂಡತಿ ಇಬ್ಬರೂ ಬರಬೇಕೆಂದು ಹೇಳಿ ಹೋದ.

ಇಷ್ಟು ಒಳ್ಳೆಯದು ನಡೆಯುವಾಗ ಯಾರಿಗಾದರೂ ಕೆಟ್ಟದ್ದಾಗಲೇಬೇಕಲ್ಲ. ಆದದ್ದು ಸ್ಟ್ಯಾಂಡಿನ ಚಹದಂಗಡಿ ಪರಮೇಶಪ್ಪನಿಗೆ. ಮೊದಲು ಬಸ್ಸು ತಡವಾದರೆ ಜನ ಹಲ್ಲು ಕಡಿಯುತ್ತ, ಅತ್ತಿಂದಿತ್ತ ಓಡಾಡುತ್ತ ನಾಲ್ಕು ನಾಲ್ಕು ಕಪ್ಪು ಚಹ ಕುಡಿಯುತ್ತಿದ್ದರು. ಈಗ ಪಾದ ನೆಲಕ್ಕೆ ಊರಿ ಕಟ್ಟೆಯ ಮೇಲೆ ತಣ್ಣಗೆ ಕೂತಿರುತ್ತಿದ್ದರು. ಹಾಲು ಉಳಿದು ಒಡೆಯುತ್ತಿತ್ತು.

"ಏನ್ ಧಾಡಿ ಬಂದೈತಿ ಈ ಮಂದಿಗೆ? ಚಿಂತೀನ ಇಲ್ಲದಂಗ ಕುಂತ್ರ ನಾವು ಹೊಟ್ಟಿಗೆ ಏನ್ ತಿನ್ನೂದು?" ಎಂದು ಪರಮೇಶಪ್ಪ ಒಂದು ಮೂಗರ್ಜಿ ಬರೆದ. ಬಸ್ಸು ಬಿಡುವ ಅಧಿಕಾರ ಹುಚ್ಚನ ಕೈಯಲ್ಲಿದೆ, ಸಾರ್ವಜನಿಕರ ಪ್ರಾಣಕ್ಕೆ ಅಪಾಯವಿದೆ ಎಂದು ಧಾರವಾಡದ ಮೇಲಧಿಕಾರಿಗಳಿಗೆ. ಅದನ್ನು ನಾನು ಬರೆದೆ ಎಂದು ಹೇಳುವವರಿದ್ದಾರೆ. ಶುದ್ಧ ಸುಳ್ಳು. ನಾನು ಅದರ ಕಾಗುಣಿತ ತಿದ್ದಿದೆ ಅಷ್ಟೇ. ಎದುರಿಗೆ ತಪ್ಪು ಕಂಡರೆ ಮಾಸ್ತರನ ಕೈ ಸುಮ್ಮನಿರುವುದಿಲ್ಲ.

ವಿಚಾರಣೆಗೆ ಪ್ರಹ್ಲಾದರಾಯರು ಬಂದರು. ತೆಳ್ಳನೆಯ ಮನುಷ್ಯ, ಸದಾ ಕಚ್ಚಿ ಹಿಡಿದ ದವಡೆ, ಹಣೆಯಲ್ಲಿ ಉಬ್ಬಿದ ನರ. ಹೊಟ್ಟೆಯಲ್ಲಿ ಹುಣ್ಣಂತೆ, ಡಬ್ಬಿಯಲ್ಲಿ ಮಜ್ಜಿಗೆ ಅನ್ನ ಬಿಟ್ಟರೆ ಬೇರೆ ಏನೂ ಮುಟ್ಟುತ್ತಿರಲಿಲ್ಲ. ಸಂತೆಯ ದಿನವೇ ಬಂದು, ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಮೇಜು ಹಾಕಿಸಿ ಘೋಷಿಸಿದರು.

"ಈತನ ತಲಿ ಸರಿ ಇಲ್ಲ ಅಂತ ಇವತ್ತು ಸಾಬೀತಾತು ಅಂದ್ರ ನಾಳಿಂದ ಈತಗ ಕೆಲಸ ಇಲ್ಲ. ವಿಚಾರಣೆ ಮುಗಿಯೋತನಕ ಮೈಕ್ ಮುಟ್ಟಲಿಕ್ಕೂ ಕೂಡದು. ಸಾಕ್ಷಿ ಹೇಳವರು ಒಬ್ಬೊಬ್ಬರ ಬರ್ರಿ."

ಗುತ್ತೆಪ್ಪ ಕೈ ಕಟ್ಟಿ ನಿಂತಿದ್ದ. ಅಷ್ಟು ಕಷ್ಟಪಟ್ಟು ಇಳಿದಿದ್ದ ಹೆಗಲುಗಳು ಮತ್ತೆ ಮೆಲ್ಲಗೆ ಏರುತ್ತಿರುವುದು ನನಗೆ ಕಾಣುತ್ತಿತ್ತು. ಕರೆವ್ವ ಗುಂಪಿನ ಅಂಚಿನಲ್ಲಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ನನಗೆ ನಿಜವಾಗಿಯೂ ಕೆಟ್ಟದ್ದೆನಿಸಿತು. ತಿದ್ದದಿದ್ದರೆ ಆ ಮೂಗರ್ಜಿ ಯಾರಿಗೂ ಅರ್ಥವೇ ಆಗುತ್ತಿರಲಿಲ್ಲವೇನೋ.

ಮೊದಲು ಹೂವಪ್ಪನನ್ನು ಕರೆದರು. ಹೂವಪ್ಪ ಸಂಕಟಕ್ಕೆ ಬಿದ್ದ. ಹುಚ್ಚನೆಂದರೆ ಗುತ್ತೆಪ್ಪನ ನೌಕರಿ ಹೋಗುತ್ತದೆ. ಅಲ್ಲವೆಂದರೆ, ಮಾಸೂರಿನ ತಿರುವಿನ ಗುಟ್ಟು ಒಬ್ಬ ಶಾಣ್ಯಾನ, ಅಂದರೆ ತಲೆ ನೆಟ್ಟಗಿದ್ದವನ, ಹೊಟ್ಟೆಯಲ್ಲಿ ಇದ್ದಂತಾಗುತ್ತದೆ. ಸಾಲಿನಲ್ಲಿ ನಿಂತ ಎಲ್ಲರ ಸಂಕಟವೂ ಅದೇ ಆಗಿತ್ತು.

"ಹುಚ್ಚ ಅದಾನ್ರಿ ಸಾಹೇಬ್ರ. ಭಾರಿ ಹುಚ್ಚ. ಆದ್ರ ತಗೀಬ್ಯಾಡ್ರಿ."

"ಹುಚ್ಚನ್ನ ಯಾಕ ಇಟಗೋಬೇಕ್ರಿ?"

"ಶಾಣ್ಯಾ ಇದ್ದಾಗೂ ಬಸ್ಸು ತಡಾನ ಇದ್ದೂರಿ."

ಚಮನಬಿ ಮೇಜಿನ ಮೇಲೆ ಎರಡು ಬಾಳೆಹಣ್ಣು ಇಟ್ಟೇ ಮಾತು ಸುರುಮಾಡಿದಳು. "ಹುಚ್ಚ ಅಂತ ಗಟ್ಟಿಗಿ ಬರೀರಿ ಸಾಹೇಬ್ರ. ಕೆಳಗ ಅಂವನ್ನ ಇಲ್ಲೇ ಇರಾಕ ಬಿಡ್ರಿ ಅಂತ ಅದಕ್ಕಿಂತ ಗಟ್ಟಿಗಿ ಬರೀರಿ. ಶಾಣ್ಯಾ ಅಂತ ಬರದ್ರ ಮಾತ್ರ ನಾ ಊರ ಬಿಟ್ಟ ಹೋಗ್ತೇನಿ."

ವಿದ್ಯಾವಂತನಾದ ನನ್ನನ್ನು ಕೇಳಿದಾಗ ನಾನು ತೂಕದ ಮಾತಾಡಿದೆ: ಹುಚ್ಚು ಇದೆ, ಆದರೆ ಅದು ವೇಳಾಪಟ್ಟಿಗೆ ಬಾಧಕವಲ್ಲ. ಹನ್ನೆರಡು ಜನ ಹೀಗೇ ಹೇಳಿದ ಮೇಲೆ ಪ್ರಹ್ಲಾದರಾಯರ ಹಣೆಯ ನರ ಕುಣಿಯತೊಡಗಿತು.

"ಹುಚ್ಚ ಅಂತೀರಿ, ಬೇಕು ಅಂತೀರಿ! ಇದೇನು ಬಸ್ ಸ್ಟ್ಯಾಂಡೋ, ಹುಚ್ಚರ ಆಸ್ಪತ್ರಿಯೋ?"

ಆಗ ಕರೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಎಲ್ಲಾರೂ ಸುಳ್ಳ ಹೇಳಾಕತ್ತಾರ್ರಿ. ನನ್ನ ಗಂಡಗ ಏನೂ ಆಗಿಲ್ಲ. ಆಸ್ಪತ್ರಿ ಹಾಲಿನ್ಯಾಗ ಹತ್ತ್ ದಿನ ಟ್ರೇನಿಂಗ್ ತಗೊಂಡ ಬಂದಾರ, ಗ್ವಾಡಿ ಮ್ಯಾಲ ಸರ್ಟಿಫಿಕೇಟ್ ಐತಿ, ಓದಾಕ ಬರ್ತಿದ್ರ ಓದ್ರಿ. ಹನ್ನೊಂದು ವರ್ಷದ ಮ್ಯಾಲ ನನ್ನ ಮನ್ಯಾಗ ಮೂರೂ ಮಂದಿ ಕೂಡಿ ಊಟಾ ಮಾಡಾಕತ್ತೇವಿ. ಇದು ಹುಚ್ಚಂದ್ರ ಹುಚ್ಚ ಇರ್ಲಿ."

ಸಾಲಿನಲ್ಲಿ ನಿಂತವರ ಮುಖಗಳು ಬಿಳಿಚಿಕೊಂಡವು. ಅದು ಕಂಟ್ರೋಲರನ ಮೇಲಿನ ಕನಿಕರವಲ್ಲ. ಒಬ್ಬೊಬ್ಬರೂ ತಾವು ಕಿಟಕಿಯಲ್ಲಿ ಆಡಿದ್ದನ್ನು ಮೊದಲಿನಿಂದ ನೆನಪು ಮಾಡಿಕೊಳ್ಳುತ್ತಿದ್ದರು. ನಾನೂ ಮಾಡಿಕೊಂಡೆ.

ಪ್ರಹ್ಲಾದರಾಯರು ಏನೋ ಹೇಳುವಷ್ಟರಲ್ಲಿ ಎರಡು ತಾಸು ತಡವಾಗಿ ಹುಬ್ಬಳ್ಳಿಯ ಬಸ್ಸು ಒಳಗೆ ಬಂತು. ಅದು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲುಗಳು ಹಾರಿದವು. ಸೀಟಿನ ಮೇಲೆ ಟವೆಲ್ಲು ಬಿದ್ದರೆ ಸೀಟು ಅವರದು, ಇದು ನಮ್ಮ ಕಡೆ ಯಾವ ಕಾಯಿದೆಗೂ ಕಡಿಮೆಯಿಲ್ಲ. ಅವತ್ತು ಎರಡು ದಿಬ್ಬಣಗಳಿದ್ದವು, ಒಂದು ಗಂಡಿನ ಕಡೆಯದು, ಇನ್ನೊಂದು ಬೇರೆ ಮದುವೆಯ ಹೆಣ್ಣಿನ ಕಡೆಯದು. ಬಲಗಡೆಯ ಕಿಟಕಿಯಿಂದ ಒಬ್ಬರು, ಎಡಗಡೆಯಿಂದ ಇನ್ನೊಬ್ಬರು ಟವೆಲ್ಲು ಎಸೆದು, ಪ್ರತಿ ಸೀಟಿನ ಮೇಲೂ ಎರಡೆರಡು ಟವೆಲ್ಲು ಬಿದ್ದವು. ಯಾರೋ ಯಾರದೋ ಟವೆಲ್ಲನ್ನು ಹೊರಗೆ ಬಿಸಾಡಿದರು. ಅದು ವರನ ಸೋದರಮಾವನದಾಗಿತ್ತು.

ಕೊರಳಪಟ್ಟಿಗೆ ಕೈ ಬಿತ್ತು. ಹೆಂಗಸರು ಕೂಗಿದರು, ಬುಟ್ಟಿಗಳು ಉರುಳಿದವು. ಪ್ರಹ್ಲಾದರಾಯರು ಓಡಿ ಹೋಗಿ ಮೈಕು ಹಿಡಿದು ಗರ್ಜಿಸಿದರು, "ಶಿಸ್ತು! ಶಿಸ್ತು ಪಾಲಿಸ್ರಿ! ಒಬ್ಬೊಬ್ಬರ ಮ್ಯಾಲೂ ಕ್ರಮ ತಗೋತೇನಿ!" ಅಲ್ಲಿಯ ತನಕ ಪರಸ್ಪರ ಜಗಳಾಡುತ್ತಿದ್ದ ಎರಡೂ ದಿಬ್ಬಣಗಳು ಈಗ ಒಂದಾಗಿ ಕಂಟ್ರೋಲ್ ರೂಮಿನ ಕಡೆ ತಿರುಗಿದವು. ಒಬ್ಬ ಕಲ್ಲು ಎತ್ತಿಕೊಂಡ. ಸಾಹೇಬರ ಮಜ್ಜಿಗೆ ಅನ್ನದ ಡಬ್ಬಿ ಯಾರದೋ ಕಾಲಿಗೆ ಸಿಕ್ಕಿ ಉರುಳಿ ಹೋಯಿತು.

ಗುತ್ತೆಪ್ಪ ಅಲ್ಲಾಡಲಿಲ್ಲ. ಮೈಕು ಮುಟ್ಟಬಾರದೆಂದು ಆಜ್ಞೆಯಾಗಿತ್ತು. ಮುಟ್ಟಿದರೆ ಅದೊಂದೇ ಸಾಕು ನೌಕರಿ ಹೋಗಲಿಕ್ಕೆ. ಅವನು ಹೆಂಡತಿಯ ಮುಖ ನೋಡಿದ.

"ಹೋಗ್ರಿ," ಎಂದಳು ಕರೆವ್ವ. "ನೌಕರಿ ಹೋದ್ರ ಹೋಗ್ಲಿ. ಮಂದಿ ಸಾಯ್ತಾರ."

ಗುತ್ತೆಪ್ಪ ಒಳಗೆ ಹೋಗಿ, ಸಾಹೇಬರನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂಡ್ರಿಸಿ, ಮೈಕು ತೆಗೆದುಕೊಂಡ. ಗಡಿಬಿಡಿಯ ಮನುಷ್ಯನಲ್ಲವೆ, ಹನ್ನೊಂದು ವರ್ಷದ ಅಭ್ಯಾಸದಿಂದ ಬಸ್ಸಿನ ಮಾತೂ ಶಿಬಿರದ ಮಾತೂ ಕೂಡಿಕೊಂಡೇ ಬಂದವು.

"ಪ್ರಯಾಣಿಕರ ಗಮನಕ್ಕೆ. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗತಕ್ಕಂಥ ಎಲ್ಲಾ ಹೆಗಲುಗಳು ಈಗ ಕಿವಿಗಳ ಹತ್ತಿರ ನಿಂತಿರುತ್ತವೆ. ದಯವಿಟ್ಟು ಅವನ್ನ ಕೆಳಗ ಇಳಸ್ರಿ."

ಊರಿನವರಿಗೆ ಎರಡು ತಿಂಗಳ ಅಭ್ಯಾಸ. ಹಮಾಲರು, ಹಣ್ಣಿನವರು, ಕಂಡಕ್ಟರರು ಎಲ್ಲರೂ ಇದ್ದಲ್ಲೇ ಹೆಗಲು ಇಳಿಸಿದರು. ಕಲ್ಲು ಎತ್ತಿದ್ದ ಸೋದರಮಾವ ಕಕ್ಕಾಬಿಕ್ಕಿಯಾಗಿ ಚಮನಬಿಯನ್ನು ಕೇಳಿದ, "ಯಾರಬೇ ಅಂವ?"

"ಹುಚ್ಚ ಅದಾನ. ಎದುರಾಡಬ್ಯಾಡ್ರಿ. ಹೇಳಿದಂಗ ಮಾಡ್ರಿ," ಎಂದಳು ಚಮನಬಿ.

ಅವನೂ ನಮ್ಮ ಕಡೆಯವನೇ, ರಿವಾಜು ಬಲ್ಲವನು. ಹೆಗಲು ಇಳಿಸಿದ. ಅವನನ್ನು ನೋಡಿ ದಿಬ್ಬಣದವರೂ ಇಳಿಸಿದರು.

"ಪಾದ ನೆಲಕ್ಕ ಊರ್ರಿ. ನೆಲಾ ನಿಮ್ಮನ್ನ ಹೊತ್ಕೊಂಡೈತಿ, ನೀವು ನೆಲಾ ಹೊತ್ಕೊಂಡಿಲ್ಲ. ಟವೆಲ್ಲು ಹಿಡದವ್ರು ಟವೆಲ್ಲು ಬಿಡಬ್ಯಾಡ್ರಿ, ಮುಷ್ಟಿ ಅಷ್ಟ ಸಡಲ ಬಿಡ್ರಿ. ಕಲ್ಲು ಹಿಡದ ಅಣ್ಣಾರ, ಕೈ ನೋಯಾಕತ್ತೈತಿ, ಕೆಳಗಿಡ್ರಿ. ದವಡಿ ಬಿಡ್ರಿ. ಎಲ್ಲಿ ಬಿಗದೈತಿ ಅಲ್ಲೆ ಕೈ ಇಡ್ರಿ. ಎರಡು ತಾಸು ಬಿಸಲಾಗ ನಿಂತೀರಿ, ಸಿಟ್ಟು ಬಂದೈತಿ, ಬರೂದ. ನಿಮ್ಮ ಮೈಯಿ ನಿಮ್ಮ ಸಲುವಾಗಿ ನಿಂತೈತಿ, ಅದಕ್ಕ ಬೈಬ್ಯಾಡ್ರಿ."

ಸಂತೆಯ ದಿನದ ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ನೂರಾರು ಜನ ಒಬ್ಬೊಬ್ಬರು ಒಂದೊಂದು ಕಡೆ ಕೈಯಿಟ್ಟುಕೊಂಡು ನಿಂತರು. ಹೊಟ್ಟೆ, ಎದೆ, ಕುತ್ತಿಗೆ, ಹಣೆ. ಕಲ್ಲು ಕೆಳಗೆ ಬಿದ್ದ ಸಪ್ಪಳ ಕೇಳಿಸಿತು. ಮದುಮಗಳ ತಾಯಿ ಸೆರಗು ಬಾಯಿಗಿಟ್ಟು ಅಳತೊಡಗಿದಳು, ಮಗಳನ್ನು ಕಳಿಸಿಕೊಡುವ ದುಃಖ ಅದು, ಟವೆಲ್ಲಿನದಲ್ಲ. ಎದುರು ದಿಬ್ಬಣದ ಒಬ್ಬ ಮುದುಕಿ ಅವಳ ಕೈ ಹಿಡಿದುಕೊಂಡಳು.

ಕುರ್ಚಿಯಲ್ಲಿ ಪ್ರಹ್ಲಾದರಾಯರ ಬಲಗೈ ತಾನೇ ಎದ್ದು ದವಡೆಯ ಮೇಲೆ ಬಂದು ಕೂತಿತು. ದವಡೆ ಕಟಕ್ಕೆಂದು ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು.

"ಹದಿನಾಲ್ಕು ವರ್ಷ ಆತು ಗುತ್ತೆಪ್ಪಾ," ಎಂದರು ಅವರು. "ಎಲ್ಲರೂ ನನಗ ವರದಿ ಕೇಳ್ತಾರ. ನಿನಗ ಎಲ್ಲೆ ನೋಯ್ಲಿಕ್ಕತ್ತದ ಅಂತ ಒಬ್ಬರೂ ಕೇಳಿರಲಿಲ್ಲ."

"ಕೈ ತಗೀಬ್ಯಾಡ್ರಿ ಸಾಹೇಬ್ರ, ಇನ್ನೊಂದ್ ಸ್ವಲ್ಪ ಇರ್ಲಿ," ಎಂದ ಗುತ್ತೆಪ್ಪ.

ಮಕ್ಕಳು, ಮುದುಕರು, ಮದುಮಗ, ಮದುಮಗಳು ಬಸ್ಸಿನ ಸೀಟುಗಳಲ್ಲಿ ಕೂತರು. ಉಳಿದವರು ಎರಡೂ ದಿಬ್ಬಣದ ಬುತ್ತಿ ಒಂದೇ ಕಡೆ ಬಿಚ್ಚಿ ಮುಂದಿನ ಬಸ್ಸಿಗೆ ಕಾಯಲು ಒಪ್ಪಿದರು. ಸಾಹೇಬರಿಗೂ ಒಂದು ಹಿಡಿ ಮೊಸರನ್ನ ಸಿಕ್ಕಿತು. ಗುತ್ತೆಪ್ಪ "ಹುಬ್ಬಳ್ಳಿ" ಎಂದು ಕೂಗಿದ, ಮತ್ತು ಆ ಬಸ್ಸು ಹುಬ್ಬಳ್ಳಿಗೇ ಹೋಯಿತು.

ಪ್ರಹ್ಲಾದರಾಯರು ವರದಿಯನ್ನು ಅಲ್ಲೇ ಬರೆದು, ಎದ್ದು ನಿಂತು ಮೈಕಿನಲ್ಲಿ ಓದಿದರು. "ಹಾನಗಲ್ ಬಸ್ ನಿಲ್ದಾಣವನ್ನು ಖುದ್ದಾಗಿ ಪರಿಶೀಲಿಸಲಾಗಿ, ಇಲ್ಲಿ ತಲೆ ಪೂರ್ತಿ ನೆಟ್ಟಗಿರುವ ಮನುಷ್ಯ ಒಬ್ಬನೇ ಕಂಡುಬಂದಿರುತ್ತಾನೆ. ಆತನೇ ಕಂಟ್ರೋಲರ್ ಗುತ್ತೆಪ್ಪ. ಸದರಿಯವನನ್ನು ಕೆಲಸದಲ್ಲಿ ಮುಂದುವರಿಸತಕ್ಕದ್ದು. ಮತ್ತು ಸದರಿಯವನು ವಾರಕ್ಕೊಂದು ದಿನ ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಿಲ್ದಾಣಗಳಿಗೆ ಸರದಿಯಂತೆ ಹೋಗಿ ಅಲ್ಲಿಯ ಸಿಬ್ಬಂದಿಯ ಹೆಗಲುಗಳನ್ನು ಇಳಿಸತಕ್ಕದ್ದು."

ಕರೆವ್ವ ಜನರ ಎದುರಿಗೇ ಗಂಡನ ತೋಳು ಹಿಡಿದು ನಕ್ಕಳು. ಹಮಾಲರು ಸಿಳ್ಳೆ ಹಾಕಿದರು. ಸಂತೆಯೆಲ್ಲ ಚಪ್ಪಾಳೆ ತಟ್ಟಿತು. ಎರಡು ನಿಮಿಷ ತಟ್ಟಿದ ಮೇಲೆ ಊರಿನವರ ಕೈಗಳು ನಿಂತವು. ವರದಿಯ ಅರ್ಥ ಆಗ ಅವರಿಗೆ ಹೊಳೆಯಿತು. ಗುತ್ತೆಪ್ಪ ಶಾಣ್ಯಾ ಎಂದು ಅಧಿಕೃತವಾಗಿತ್ತು. ಎಲ್ಲರೂ ತಲೆ ತಗ್ಗಿಸಿಕೊಂಡು ಮನೆಗೆ ನಡೆದರು.

ಮರುದಿನ ಒಂದು ಗಂಟೆಗೆ ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ಪರಮೇಶಪ್ಪನ ಚಹಕ್ಕೆ ಮತ್ತೆ ಗಿರಾಕಿ ಹತ್ತಿತು, ಊರೆಲ್ಲ ಚಿಂತೆಗೆ ಬಿದ್ದಿತ್ತು. ಗುತ್ತೆಪ್ಪನಿಗೆ ಎಷ್ಟು ನೆನಪಿರಬಹುದು ಎಂದು ವಿಚಾರಿಸಲು ಮೂರು ಜನ ನನ್ನನ್ನು ಗುಟ್ಟಾಗಿ ಕೇಳಿಕೊಂಡರು. ಆತ ಮಾತ್ರ ಬೋರ್ಡಿನ ಧೂಳು ಒರೆಸಿ, ಖಾಲಿ ಕಿಟಕಿಯ ಹಿಂದೆ ಒಂದರಿಂದ ಎರಡರ ತನಕ ಕೂತಿದ್ದ. ನೌಕರಿ ಉಳಿದವನ ಮುಖ ಅಲ್ಲ ಅದು.

ಮೂರನೆಯ ದಿನ ಚಮನಬಿ ಎದ್ದಳು. ಇಡೀ ಸ್ಟ್ಯಾಂಡು ನೋಡುತ್ತಿರುವಾಗ ಬುಟ್ಟಿಯನ್ನು ಕಿಟಕಿಯ ಕೆಳಗೆ ಬೋರಲು ಹಾಕಿ, ಅದರ ಮೇಲೆ ಕೂತಳು.

"ಏ ಗುತ್ತೆಪ್ಪಾ, ನೀ ಹುಚ್ಚ ಅದೀ ಅಂತ ತಿಳದು ಅರ್ಧಾ ಅಷ್ಟ ಹೇಳಿದ್ದೆ. ಹುಚ್ಚಗ ಪೂರಾ ಹೇಳಿ ಏನ್ ಉಪಯೋಗ ಅಂತ ಬಿಟ್ಟಿದ್ದೆ. ಈಗ ಶಾಣ್ಯಾ ಅಂತ ಸಾಹೇಬ್ರ ಬರದು ಕೊಟ್ಟಾರ. ಉಳಿದ ಅರ್ಧಾ ಕೇಳು."

ಗುತ್ತೆಪ್ಪ ಕುರ್ಚಿಯನ್ನು ಕಿಟಕಿಗೆ ಹತ್ತಿರ ಎಳೆದುಕೊಂಡ. ಹೂವಪ್ಪ ಕೆಮ್ಮಿದ, ಅತ್ತಿತ್ತ ನೋಡಿದ, ಹೋಗಿ ಅವಳ ಹಿಂದೆ ನಿಂತ. ಅವನ ಹಿಂದೆ ಇಬ್ಬರು ಕಂಡಕ್ಟರರು, ಅವರ ಹಿಂದೆ ಕೈಯಲ್ಲಿ ಚಹದ ಕೆಟಲಿ ಹಿಡಿದ ಪರಮೇಶಪ್ಪ. ನಾನು ಆರನೆಯವನಾಗಿದ್ದೆ, ಮತ್ತು ನನ್ನ ಉಳಿದ ಅರ್ಧ ಸ್ವಲ್ಪ ಉದ್ದವಿತ್ತು.